ಕಮಲಾಪುರದ ದಾರಿಯಲ್ಲಿ ಕುಸುಬಿ ಎಣ್ಣೆ

ಸರ್ಕಾರಿ ಫಸಲಿ ಲೆಕ್ಕದ ಫರ್ವರ್ದಿ ತಿಂಗಳ ಒಂದು ಮಂಗಳವಾರ, ಬೆಳಗಿನ ಐದೂವರೆ ಗಂಟೆ. ಇಂಗ್ಲಿಷ್ ಲೆಕ್ಕದಲ್ಲಿ ಅದು ಫೆಬ್ರವರಿ. ಸ್ಥಳ: ಕಲಬುರಗಿಯ ಒಬ್ಬ ಎಣ್ಣೆ ಸಾಹುಕಾರರ ಗಾಣದ ಮನೆಯ ಅಂಗಳ. ಹಾಜರಿದ್ದವರು ಮೂವರು. ಸಲೋತ್ರಿ ಸಾಹೇಬರು, ಅಂದರೆ ಸರ್ಕಾರದ ದನದ ಡಾಕ್ಟರು. ಅವರ ಮೋಟಾರ್ ಸೈಕಲ್ ನಡೆಸುವ ಮಿಸ್ತ್ರಿಯಾದ ನಾನು. ಕೈಯಲ್ಲಿ ಕಂದೀಲು ಹಿಡಿದ ಸಾಹುಕಾರರ ತಾಯಿ. ಕಚೇರಿಯಲ್ಲಿ ಗಾಡಿ ನಿಲ್ಲಿಸಲು ನೆರಳಿಲ್ಲದ ಕಾರಣ ನಮ್ಮ ಯಂತ್ರ ಆ ಗಾಣದ ಮನೆಯಲ್ಲೇ ಇರುತ್ತಿತ್ತು.

ಹತ್ತು ದಿನದ ದೌರಾ. ಕಮಲಾಪುರ, ಹುಮನಾಬಾದ್, ಬೀದರ್, ಮತ್ತೆ ವಾಪಸ್. ಅದರಲ್ಲಿ ಮೊದಲ ದಿನವೇ ಗಡಿಯಾರ ನೋಡಿ ಮಾಡಬೇಕಾದ ಕೆಲಸವಿತ್ತು. ಕಮಲಾಪುರದಲ್ಲಿ ದೊಡ್ಡ ರೋಗ ಎಂಬ ದನದ ಪಿಡುಗು ಬಿದ್ದು ಮೂರು ಎತ್ತು ಸತ್ತಿದ್ದವು. ಅವುಗಳ ಜೊತೆ ಮೇಯ್ದಿದ್ದ ಅರವತ್ತೊಂದು ದನಗಳನ್ನು ಅಲ್ಲಿಯ ಪಟೇಲರು ಕಲ್ಲುಗೋಡೆಯ ಒಂದು ದೊಡ್ಡಿಯಲ್ಲಿ ಕೂಡಿಹಾಕಿದ್ದರು. ಅವು ಒಂದೇ ಊರಿನವಲ್ಲ, ಸುತ್ತಲಿನ ಏಳೆಂಟು ಹಳ್ಳಿಯವು. ಪಟೇಲರು ಹೇಳಿಕಳಿಸಿದ್ದ ಮಾತು ಇಷ್ಟೇ: ಮಂಗಳವಾರ ಹೊತ್ತು ಮುಳುಗುವ ತನಕ ಹಿಡಿದಿಡುತ್ತೇನೆ, ಆಮೇಲೆ ದನದ ಯಜಮಾನರು ನನ್ನ ಮಾತು ಕೇಳುವುದಿಲ್ಲ, ಬಿಚ್ಚಿಕೊಂಡು ಹೋಗುತ್ತಾರೆ. ಬಿಚ್ಚಿಕೊಂಡು ಹೋದರೆ ರೋಗ ಏಳೆಂಟು ಹಳ್ಳಿಗೆ ಹೋದಂತೆ.

ರೋಗ ತಡೆಯುವ ಸೀರಂ ಸೋಮವಾರದ ರೈಲಿನಲ್ಲಿ ಬಂದಿತ್ತು. ಗಾಜಿನ ಬಾಟಲಿಗಳನ್ನು ತವರದ ಅಸ್ತರಿದ್ದ ಮರದ ಪೆಟ್ಟಿಗೆಯಲ್ಲಿ ಬರ್ಫ ಮತ್ತು ಕಟ್ಟಿಗೆಹೊಟ್ಟು ತುಂಬಿ ಇಟ್ಟಿದ್ದೆವು. ಇಬ್ಬರು ಎತ್ತುವ ಭಾರ. ಬಿಸಿಲಿಗೆ ಕಾದರೆ ಔಷಧಿ ಕೆಡುತ್ತದೆ. ಹಿಂದಿನ ವರ್ಷ ಇನ್ನೊಂದು ಊರಿಗೆ ಸಾಹೇಬರು ಟಾಂಗಾದಲ್ಲಿ ಹೋಗಿ ಒಂದು ದಿನ ತಡವಾಗಿ ಮುಟ್ಟಿದ್ದರು. ಆ ಊರಲ್ಲಿ ಮನೆಮನೆಯ ಗೋಡೆಗೆ ನೊಗಗಳು ಒರಗಿದ್ದವು, ಕಟ್ಟಲು ಎತ್ತಿರಲಿಲ್ಲ. ಮೋಟಾರ್ ಸೈಕಲ್ ಕೇಳಿ ಪಡೆದದ್ದು ಆಮೇಲೆ.

ಹೊರಡುವ ಮುನ್ನ ಹನ್ನೊಂದು ತಪಾಸಣೆ. ದೊಡ್ಡ ಯುದ್ಧದ ಕಾಲದಲ್ಲಿ ಬಸ್ರಾದ ಫೌಜಿ ಕಾರ್ಖಾನೆಯಲ್ಲಿ ನನಗೆ ಕಲಿಸಿದ ಕ್ರಮ ಅದು. ಬೆಲ್ಟು, ಬ್ರೇಕು, ಟೈರಿನ ಗಾಳಿ, ಪೆಟ್ರೋಲು, ಪ್ಲಗ್ಗು ಹೀಗೆ ಒಂದೊಂದನ್ನೇ ನೋಡಿ ಪುಸ್ತಕದಲ್ಲಿ ಗುರುತು ಹಾಕಬೇಕು. ಹನ್ನೊಂದನೆಯದು: ಎಣ್ಣೆ ಡಬ್ಬಿ ತುಂಬಿದೆಯೇ?

ಎಣ್ಣೆಯ ವಿಷಯ ಸ್ವಲ್ಪ ಹೇಳಬೇಕು. ಆ ಯಂತ್ರಕ್ಕೆ ಒಂದೇ ಸಿಲಿಂಡರು. ಪೆಟ್ರೋಲ್ ಟಾಕಿಯ ಪಕ್ಕದಲ್ಲಿ ಸಣ್ಣದೊಂದು ಎಣ್ಣೆ ಟಾಕಿ, ಅದಕ್ಕೆ ಹಿತ್ತಾಳೆಯ ಕೈಪಂಪು. ಕೆಲವು ಮೈಲಿಗೊಮ್ಮೆ ಓಡಿಸುವವನೇ ಪಂಪು ಒತ್ತಬೇಕು. ಒತ್ತಿದ ಎಣ್ಣೆ ಒಳಗೆ ಹೋಗಿ ಪಿಸ್ಟನ್ನನ್ನು ನೆನೆಸಿ, ಸುಟ್ಟು, ಹೊಗೆಯಾಗಿ ಹೊರಬೀಳುತ್ತಿತ್ತು. ಮೋಟಾರ್ ಎಣ್ಣೆ ಜಿಲ್ಲೆಯಲ್ಲಿ ಸಿಗುತ್ತಿರಲಿಲ್ಲ. ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಆ ಕೆಲಸವನ್ನು ಚೆನ್ನಾಗಿ ಮಾಡುತ್ತಿತ್ತು. ಹಿಂದಿನ ಸಂಜೆ ಗಾಣದ ಆಳಿಗೆ, ಪೇಟೆಯಿಂದ ಔಡಲ ಎಣ್ಣೆ ತಂದು ಡಬ್ಬಿ ತುಂಬು ಎಂದು ಹೇಳಿದ್ದೆ.

ನಾನು ಡಬ್ಬಿಗೆ ಕೈ ಹಾಕಿದ್ದನ್ನು ನೋಡಿ ಅಜ್ಜಿ ಕಂದೀಲು ಎತ್ತಿದರು.

“ತುಂಬೇದ ತಮ್ಮಾ, ನೋಡೋದೇನದ? ಖಾಲಿ ಭಾಂಡಿ ನಮ್ಮ ಮನಿ ಹೊಸ್ತಿಲ ದಾಟ್ತದೇನು?”

ಎಣ್ಣೆ ವ್ಯಾಪಾರದ ಆ ಮನೆಯ ಪದ್ಧತಿ ಅದು. ಬಂದವರ ಚೊಂಬು ಇರಲಿ, ಬುಡ್ಡಿ ಇರಲಿ, ಖಾಲಿ ಹೊರಗೆ ಹೋಗುವಂತಿಲ್ಲ. ಡಬ್ಬಿ ಎತ್ತಿ ನೋಡಿದೆ. ತೂಕ ಸರಿಯಿತ್ತು. ಟಾಕಿಗೆ ಸುರಿದೆ, ಉಳಿದದ್ದಕ್ಕೆ ಮುಚ್ಚಳ ತಿರುವಿದೆ, ಗುರುತು ಹಾಕಿದೆ.

“ಸಾಹೇಬ್ರ, ಈ ತೊಟ್ಟಿಲಾಗ ಕುಂತು ಬೀದರ ತನಾ ಹೋಗ್ತೀರಿ? ಬೆನ್ನಾಗಿನ ಎಲುಬು ಎಣಿಸ್ಕೊಂಡು ಹೋಗ್ರಿ, ಬಂದ ಮ್ಯಾಲ ಮತ್ತ ಎಣಿಸೋಣ” ಎಂದರು ಅಜ್ಜಿ, ಸೈಡ್‌ಕಾರಿನಲ್ಲಿ ಪೆಟ್ಟಿಗೆ ತಬ್ಬಿ ಕುಳಿತಿದ್ದ ಸಾಹೇಬರಿಗೆ.

ಆರು ಗಂಟೆಗೆ ಸರಿಯಾಗಿ ಹೊರಟೆವು.

ಸಾಹೇಬರು ಹೈದರಾಬಾದಿನ ಪಟ್ಟಣದವರು. ಕನ್ನಡವನ್ನು ರೈತರ ಜೊತೆ ಮಾತಾಡುತ್ತಲೇ ಕಲಿತವರು. ಯಾವುದನ್ನು ಕಂಡರೂ ಅದು ಹೇಗೆ, ಇದು ಯಾಕೆ ಎಂದು ಕೇಳುವ ಸ್ವಭಾವ. ಐದನೆಯ ಮೈಲಿಕಲ್ಲು ದಾಟಿ ನಾನು ಪಂಪು ಒತ್ತಿದ ಸ್ವಲ್ಪ ಹೊತ್ತಿಗೆ ಅವರು ಮೂಗು ಎತ್ತಿದರು.

“ಮಿಸ್ತ್ರಿ, ಯಾರೋ ಭಜಿ ಕರಿಲಾಕತ್ತಾರ. ಮಸ್ತ್ ಖುಷ್ಬೂ ಬರ್ತದ.”

“ಇಲ್ಲಿ ಊರೇ ಇಲ್ಲ ಸಾಹೇಬ್ರ. ಬರೀ ಜೋಳದ ಹೊಲ.”

“ಹಂಗಾದ್ರ ಜೋಳಾನೇ ಭಜಿ ಕರಿಲಾಕತ್ತದೇನು?”

ನನಗೂ ವಾಸನೆ ಬಂದಿತ್ತು. ಸುತ್ತ ನೋಡಿದೆ. ಕಪ್ಪು ಮಣ್ಣಿನ ಬಯಲು, ಕೊಯ್ದು ನಿಲ್ಲಿಸಿದ ಜೋಳದ ಕಣಿಕೆ, ಒಂದು ಒಲೆಯ ಹೊಗೆಯೂ ಇಲ್ಲ. ಎಂಜಿನ್ನಿನ ಸದ್ದು ಸರಿಯಾಗಿಯೇ ಇತ್ತು. ವಾಸನೆಗೆ ನನ್ನ ಹನ್ನೊಂದರಲ್ಲಿ ಜಾಗವಿರಲಿಲ್ಲ. ಹಾಗಾಗಿ ಮುಂದೆ ಹೋದೆ.

ಏಳು ಹತ್ತಕ್ಕೆ ಹನ್ನೊಂದನೆಯ ಮೈಲಿಯ ನಾಲಾ. ಕುರಿಕೋಟ ಇನ್ನೂ ಎರಡು ಮೈಲಿ. ಅಲ್ಲಿ ರಸ್ತೆಗೆ ಅಡ್ಡಲಾಗಿ ಜಾಲಿಮುಳ್ಳಿನ ಬೇಲಿ ಎಳೆದಿದ್ದರು. ಸಾಹೇಬರದ್ದೇ ಹುಕುಂ: ಈ ನಾಲಾ ದಾಟಿ ಎತ್ತಿನ ಗಾಡಿ ಆ ಕಡೆ ಹೋಗಬಾರದು, ಆ ಕಡೆಯದು ಈ ಕಡೆ ಬರಬಾರದು. ಹುಕುಮಿನ ಉರ್ದು ಪ್ರತಿಯನ್ನು ಒಂದು ಬೇವಿನ ಮರಕ್ಕೆ ಅಂಟಿಸಿದ್ದರು. ಮರದ ಕೆಳಗೆ ಒಂದೇ ಗಾಡಿ ನಿಂತಿತ್ತು. ಅದರಲ್ಲಿ ಬಾವಿಯಿಂದ ನೀರೆತ್ತುವ ತೊಗಲಿನ ಹೊಸ ಮೊಟ್ಟೆಗಳು ಹೇರಿದ್ದವು. ಅವನ್ನು ಹೊಲಿದ ಮುದುಕ ನೆರಳಲ್ಲಿ ಕುಳಿತು ಇನ್ನೊಂದನ್ನು ಹೊಲಿಯುತ್ತಿದ್ದ. ಉಳಿದ ಗಾಡಿಯವರು ಕಲಬುರಗಿಗೆ ವಾಪಸ್ ಹೋಗಿದ್ದರು. ಇವನು ಮೂರು ದಿನದಿಂದ ಅಲ್ಲೇ ಬಿಡಾರ ಹೂಡಿದ್ದ.

ಬೇಲಿ ಸರಿಸಿ, ಯಂತ್ರ ದಾಟಿಸಿ, ಹತ್ತು ಗಜ ಹೋಗುವಷ್ಟರಲ್ಲಿ ಹಿಂದಿನ ಟೈರು ಉಸ್ ಎಂದಿತು. ಬೇಲಿ ಎಳೆದಾಗ ಉದುರಿದ ಮುಳ್ಳು.

ಮುದುಕ ದಾರ ಕಚ್ಚಿ ಹರಿದು ತಲೆ ಎತ್ತಿದ. “ನಮ್ಮ ಗಾಡಿ ನಿಲ್ಲಿಸಿದ ಬೇಲಿ ಸಾಹೇಬ್ರ ಗಾಡೀನೂ ನಿಲ್ಲಿಸ್ತು ನೋಡ್ರಿ. ಹುಕುಂ ಅಂದ್ರ ಹಿಂಗಿರಬೇಕು. ಯಾರಿಗೂ ಭೇದ ಇಲ್ಲ.”

ಸಾಹೇಬರು ನಕ್ಕರು. ನಾನು ನಗಲಿಲ್ಲ. ಯಂತ್ರವನ್ನು ಮರದ ನೆರಳಿಗೆ ತಳ್ಳಿ, ಚಕ್ರ ಬಿಚ್ಚಿ, ಎರಡು ಮುಳ್ಳು ಕಿತ್ತು, ಟ್ಯೂಬಿಗೆ ಎರಡು ತೇಪೆ ಹಾಕಿ, ಗಾಳಿ ತುಂಬಿ, ಬೆಲ್ಟು ಏರಿಸುವ ಹೊತ್ತಿಗೆ ಎಂಟು ಗಂಟೆ. ಕಿಕ್ಕರ್ ಮೇಲೆ ಕಾಲಿಟ್ಟು ಒದ್ದೆ. ಅದು ಅಲುಗಲಿಲ್ಲ.

ಇಂಥ ಹೊತ್ತಿನಲ್ಲಿ ಮಾಡುವುದಕ್ಕೂ ಒಂದು ಕ್ರಮವಿದೆ: ಸುಲಭದ್ದರಿಂದ ಕಷ್ಟದ್ದರ ಕಡೆಗೆ ಹೋಗು. ಗೇರು ಬಿದ್ದಿಲ್ಲ. ಬ್ರೇಕು ಹಿಡಿದಿಲ್ಲ. ಬೆಲ್ಟು ಮತ್ತೆ ಇಳಿಸಿದೆ. ಪ್ಲಗ್ ಬಿಚ್ಚಿ, ಎಂಜಿನ್ನಿನ ರಾಟೆಯನ್ನು ಎರಡು ಕೈಯಿಂದ ಹಿಡಿದು ತಿರುವಿದೆ. ಕಲ್ಲಿನಂತೆ ನಿಂತಿತ್ತು. ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿದೆ ಎಂದಾಯಿತು. ಯಾಕೆ ಎಂಬುದು ತಿಳಿಯಲಿಲ್ಲ. ಎಣ್ಣೆ ಕಡಿಮೆಯಾಗಿ ಕಚ್ಚಿದರೆ ಓಡುವಾಗಲೇ ಕಚ್ಚಬೇಕು, ಕೀರಲು ಸದ್ದು ಬರಬೇಕು. ಇದು ಸುಮ್ಮನೆ ನಿಂತಲ್ಲೇ, ತಣ್ಣಗಾಗುತ್ತ ಕಚ್ಚಿತ್ತು. ಅಂಥದ್ದನ್ನು ನಾನು ನೋಡಿರಲಿಲ್ಲ.

ಪ್ಲಗ್ಗಿನ ತೂತಿನಲ್ಲಿ ಬೆರಳು ಹಾಕಿ ತೆಗೆದೆ. ತುದಿಗೆ ಕಂದು ಬಣ್ಣದ ಅಂಟು. ಹೆಬ್ಬೆರಳಿಗೆ ತಾಗಿಸಿ ಬಿಡಿಸಿದರೆ ಬೆಲ್ಲದ ಪಾಕದಂತೆ ಎಳೆ ಬಂತು. ಸಾಹೇಬರೂ ಬಗ್ಗಿ ನೋಡಿದರು, ಅವರೂ ಒಂದು ಎಳೆ ತೆಗೆದರು. ಇಬ್ಬರೂ ಬೆರಳು ಹಿಡಿದು ನಿಂತಿದ್ದನ್ನು ನೋಡಿ ಮುದುಕ ಹತ್ತಿರ ಬಂದ. ಮುಟ್ಟಲಿಲ್ಲ, ಒಂದು ಮಾರು ದೂರದಿಂದಲೇ ಮೂಸಿದ.

“ಇದು ರೋಗಾನ್ ಅದ್ರಿ.”

“ಏನಂದಿ ಮುತ್ಯಾ?” ಎಂದೆ.

“ರೋಗಾನ್. ಮೊಟ್ಟಿಗೆ ಬಳೀತೀವಲ್ರಿ, ನೀರು ಸೋರಬಾರದಂತ. ನನ್ನ ಗಡಿಗ್ಯಾಗೂ ಅದೇ ಅದ. ಕುಸುಬಿ ಎಣ್ಣಿ ಕುದಿಸಿ ಕುದಿಸಿ ಮಾಡೋದು. ನೀವು ಕಬ್ಬಿಣದಾಗ ಕುದಿಸೀರಿ, ನಾವು ಮಣ್ಣಿನ ಗಡಿಗ್ಯಾಗ ಕುದಿಸ್ತೀವಿ, ಅಷ್ಟೇ ಫರಕ್.”

ಎಣ್ಣೆ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಮೂಸಿದೆ. ಹೊಸ ಸುಗ್ಗಿಯ, ಆಗ ತಾನೆ ಗಾಣದಿಂದ ಇಳಿದ ಕುಸುಬಿ ಎಣ್ಣೆ. ಅಡುಗೆಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಆಳು ಪೇಟೆಗೆ ಹೋಗುವ ಮೊದಲೇ ಅಜ್ಜಿ ಡಬ್ಬಿ ಖಾಲಿ ಇರುವುದನ್ನು ಕಂಡು ತಮ್ಮ ಪದ್ಧತಿಯಂತೆ ತುಂಬಿಬಿಟ್ಟಿದ್ದರು. ಗಾಣದ ಮನೆಯಲ್ಲಿ ಗೋಡೆ, ನೆಲ, ಗಾಳಿ ಎಲ್ಲವೂ ಕುಸುಬಿ ಎಣ್ಣೆಯ ವಾಸನೆಯವೇ, ಹಾಗಾಗಿ ನನ್ನ ಮೂಗು ಅಲ್ಲಿ ಕೆಲಸ ಮಾಡಲಿಲ್ಲ. ಡಬ್ಬಿ ತುಂಬಿದೆಯೇ ಎಂದು ನೋಡಿದೆ, ಯಾವುದರಿಂದ ತುಂಬಿದೆ ಎಂದು ನೋಡಲಿಲ್ಲ. ತಪ್ಪು ಅಜ್ಜಿಯದಲ್ಲ, ನನ್ನದು. ಅದನ್ನು ಸಾಹೇಬರಿಗೆ ಹಾಗೆಯೇ ಹೇಳಿದೆ.

“ಅಂದ್ರ ಆ ಭಜಿ ನಾವೇ ಕರಿಲಾಕತ್ತಿದ್ವಿ” ಎಂದರು ಅವರು. ಬೈಯಲಿಲ್ಲ. ಗಡಿಯಾರ ತೆಗೆದರು.

ಮುಂದಿನ ದಾರಿಗಳನ್ನು ಎಣಿಸಿದೆವು. ಕಲಬುರಗಿಗೆ ನಡೆದು ಹೋಗಿ ಟಾಂಗಾ ತಂದರೆ ಕಮಲಾಪುರ ಮುಟ್ಟುವಷ್ಟರಲ್ಲಿ ಕತ್ತಲೆ. ಮುದುಕನ ಗಾಡಿ ಕಣ್ಣೆದುರಿಗೇ ಇತ್ತು, ಆದರೆ ಒಳ್ಳೆಯ ಎತ್ತುಗಳನ್ನು ರೋಗದ ಊರಿಗೆ ಹೊಡೆಯಬಾರದೆಂದು ಬರೆದ ಕಾಗದ ಅದೇ ಮರದ ಮೇಲಿತ್ತು. ಉಳಿದದ್ದು ಪೆಟ್ಟಿಗೆಯನ್ನು ಬೊಂಬಿಗೆ ಕಟ್ಟಿ ಇಬ್ಬರೂ ಹೊತ್ತು ನಡೆಯುವುದು. ಹದಿಮೂರು ಮೈಲಿ. ಹತ್ತೂವರೆಗೆ ಹೊರಟರೆ ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮುಂಚೆ ಮುಟ್ಟಬಹುದು, ಆದರೆ ಬಿಸಿಲಿನಲ್ಲಿ ಬರ್ಫ ಅಷ್ಟು ಹೊತ್ತು ತಾಳುವ ಭರವಸೆ ಇರಲಿಲ್ಲ.

“ಹತ್ತೂವರೆ ತನಾ ನಿನ್ನ ಟೈಮು, ಮಿಸ್ತ್ರಿ. ಆಮ್ಯಾಲ ಹೆಗಲು.”

ರಸ್ತೆಯ ಮೇಲೆ ಎಂಜಿನ್ ಬಿಚ್ಚಬಾರದು ಎಂಬುದು ಕಾರ್ಖಾನೆಯಲ್ಲಿ ನನಗೆ ಕಲಿಸಿದ ಮೊದಲ ಪಾಠ. ಧೂಳು ಒಳಗೆ ಹೋದರೆ ಮುಗಿಯಿತು. ಕಂಬಳಿ ಹಾಸಿ, ಅದರ ಮೇಲೆ ತೊಳೆದ ಪಂಚೆ ಹಾಸಿ, ನಟ್ಟು ಬಿಚ್ಚುವ ಪಾನಾಗಳನ್ನು ಅಳತೆಯ ಸಾಲಿನಲ್ಲಿ ಇಟ್ಟು, ಆ ಪಾಠವನ್ನು ಮುರಿದೆ.

ಮೊದಲು ಪಿಸ್ಟನ್ ಬಿಡಬೇಕು, ಇಲ್ಲದಿದ್ದರೆ ಸಿಲಿಂಡರ್ ಮೇಲಕ್ಕೆ ಬರುವುದಿಲ್ಲ. ಕಂದೀಲಿನ ಸೀಮೆಎಣ್ಣೆಗೆ ಸ್ವಲ್ಪ ಪೆಟ್ರೋಲು ಬೆರೆಸಿ ಪ್ಲಗ್ಗಿನ ತೂತಿನಲ್ಲಿ ಸುರಿದೆ. ಮುದುಕ ದೂರದಲ್ಲಿ ಮೂರು ಕಲ್ಲು ಇಟ್ಟು ನೀರು ಕಾಯಿಸಿದ. ಆ ನೀರಲ್ಲಿ ಬಟ್ಟೆ ಅದ್ದಿ ಸಿಲಿಂಡರಿಗೆ ಸುತ್ತಿ ಸುತ್ತಿ ಬದಲಾಯಿಸಿದೆ. ಕಬ್ಬಿಣ ಬಿಸಿಯಾಗಿ ಹಿಗ್ಗಿದರೆ, ಅಂಟು ಮೆತ್ತಗಾದರೆ ಎಂಬ ಲೆಕ್ಕ. ಕಾಲು ಗಂಟೆಗೊಮ್ಮೆ ರಾಟೆ ಹಿಡಿದು ಅಲುಗಿಸುವುದು. ಒಂಬತ್ತು ಇಪ್ಪತ್ತಕ್ಕೆ ಒಂದು ಕೂದಲೆಳೆಯಷ್ಟು ಅಲುಗಿತು. ಸಾಹೇಬರು ತಾವೂ ಕೈ ಹಾಕಿದರು. ಇನ್ನೊಂದಿಷ್ಟು. ಆಮೇಲೆ ಪುಸಕ್ಕನೆ ಬಿಟ್ಟಿತು.

ನಾಲ್ಕು ನಟ್ಟು ಬಿಚ್ಚಿ ಸಿಲಿಂಡರ್ ಎತ್ತಿದೆ. ಬುಡದ ಕಾಗದದ ಪ್ಯಾಕಿಂಗ್ ಹರಿದು ಎರಡಾಯಿತು. ಒಳಗೆಲ್ಲ ಕಂದು ಹೊಳಪು, ಹಳೆಯ ರೊಟ್ಟಿ ಹಂಚಿಗೆ ಎಣ್ಣೆ ಕಟ್ಟಿದ ಹಾಗೆ. ಸೀಮೆಎಣ್ಣೆಯಿಂದ ಉಜ್ಜಿದರೆ ಮೇಲಿನದು ಹೋಯಿತು, ತಳದ್ದು ಹೋಗಲಿಲ್ಲ.

“ಘಾಸಲೇಟಿಗೆ ಅದು ಅಂಜಂಗಿಲ್ಲ ಬಿಡ್ರಿ” ಎಂದ ಮುದುಕ. “ಗಡಿಗಿ ನಾವು ಬೂದಿ ನೀರಾಗ ತೊಳೀತೀವಿ. ಕುದಿಯೋ ಬೂದಿ ನೀರು.”

ಬೂದಿಯ ಕ್ಷಾರದ ನೀರು ಕಬ್ಬಿಣಕ್ಕೆ ಏನೂ ಮಾಡದು. ಎಂಜಿನ್ನಿನ ಕೆಳಗಿನ ಪೆಟ್ಟಿಗೆ ಮಾತ್ರ ಅಲ್ಯೂಮಿನಿಯಂ, ಅದನ್ನು ತಿಂದುಬಿಡುತ್ತದೆ. ಆ ಬಾಯಿಗೆ ಬಟ್ಟೆ ತುರುಕಿದೆ. ಸಿಲಿಂಡರನ್ನು ಮುದುಕನ ಕೈಗೆ ಕೊಡಲು ಹೋದೆ. ಅವನು ಹಿಂದೆ ಸರಿದು, “ಕೆಳಗ ಇಡ್ರಿ, ತಗೋತೀನಿ” ಎಂದ.

“ಬಿಸಿ ಇಲ್ಲ ಮುತ್ಯಾ, ಹಿಡಿ.”

ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಕೈ ಚಾಚಿದ. ಒಂದು ಸಲ ಹಿಡಿದ ಮೇಲೆ ಆ ಕೈಗಳು ತಡೆಯಲಿಲ್ಲ. ಬೂದಿ ನೀರಲ್ಲಿ ಅದ್ದಿ, ತೊಗಲಿನ ತುಂಡಿನಿಂದ ತಿಕ್ಕಿ, ಕಾಲು ಗಂಟೆಯಲ್ಲಿ ಬೆಳ್ಳಗೆ ಮಾಡಿ ಕೊಟ್ಟ. ಒಳಗೆ ಗೀರು ಬಿದ್ದಿರಲಿಲ್ಲ. ಸಾಹೇಬರು ಅದರೊಳಗೆ ಕಣ್ಣಿಟ್ಟು ಆಕಾಶ ನೋಡಿದರು.

ಪಿಸ್ಟನ್ನಿಗೆ ಮೂರು ರಿಂಗು. ಮೂರೂ ತಮ್ಮ ತೋಡುಗಳಲ್ಲಿ ಅಂಟಿ ಕುಳಿತಿದ್ದವು. ಅವು ಬಿಡಿಸಿಕೊಂಡು ಸ್ಪ್ರಿಂಗಿನ ಹಾಗೆ ಹಿಗ್ಗಬೇಕು, ಆಗಲೇ ಎಂಜಿನ್ನಿಗೆ ಜೋರು. ತೆಳ್ಳಗಿನ ತವರದ ಪಟ್ಟಿಯನ್ನು ಸಂದಿಯಲ್ಲಿ ತೂರಿಸಿ ಒಂದನ್ನು ಬಿಡಿಸಿದೆ. ಎರಡನೆಯದನ್ನೂ ಬಿಡಿಸಿದೆ. ಮೂರನೆಯದು ಟಿಕ್ ಎಂದು ಎರಡು ತುಂಡಾಯಿತು. ನನ್ನ ಬಳಿ ಬದಲಿ ಇರಲಿಲ್ಲ. ಆಗ ಹತ್ತೂ ಇಪ್ಪತ್ತೈದು.

ತುಂಡುಗಳನ್ನು ಪಂಚೆಯ ಮೇಲಿಟ್ಟು ಎದ್ದು ನಿಂತೆ. ಸಾಹೇಬರು ಆಗಲೇ ಗಾಡಿಯಿಂದ ಒಂದು ಬೊಂಬು ಕೇಳಿ ತಂದಿದ್ದರು.

“ಇನ್ನ ಎಷ್ಟು ಹೊತ್ತು?” ಎಂದರು.

“ಒಂದು ಗಂಟೆ ಸಾಹೇಬ್ರ.”

“ಎರಡ ರಿಂಗಿನ ಮ್ಯಾಲ ಓಡ್ತದೇನು?”

“ಪುಸ್ತಕದಾಗ ಇಲ್ಲ. ನಾನೂ ನೋಡಿಲ್ಲ. ಓಡಬಹುದು. ಏರು ಹತ್ತೋದು ಕಠಿಣ.”

“ಒಂದು ತಾಸು ಬಿಟ್ಟು ಓಡಲಿಲ್ಲ ಅಂದ್ರ, ಆವಾಗ ನಡದ್ರೂ ಮುಟ್ಟಂಗಿಲ್ಲ.”

“ಮುಟ್ಟಂಗಿಲ್ಲ.”

ಅವರು ಪೆಟ್ಟಿಗೆಯ ಮುಚ್ಚಳ ತೆರೆದು ಹೊಟ್ಟಿನೊಳಗೆ ಕೈ ತೂರಿಸಿದರು. ಬರ್ಫ ಅರ್ಧಕ್ಕೆ ಇಳಿದಿತ್ತು, ಬುಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈ ಒರೆಸಿಕೊಂಡು ಬೊಂಬನ್ನು ಮರಕ್ಕೆ ಒರಗಿಸಿದರು.

“ಹೊತ್ಕೊಂಡು ಹೋದ್ರ ನಾವು ಮುಟ್ತೀವಿ, ದವಾ ಮುಟ್ಟಂಗಿಲ್ಲ. ಹಚ್ಚು ಮಿಸ್ತ್ರಿ. ಎರಡ ರಿಂಗಿನ ಮ್ಯಾಲ ಹ್ಯಾಂಗ ಓಡ್ತದ, ನನಗೂ ನೋಡಬೇಕಾಗ್ಯದ.”

ಆಮೇಲೆ ಮಾತಿಗೆ ಹೊತ್ತಿರಲಿಲ್ಲ. ಎಂಜಿನ್ನಿನ ಕೆಳಗಿನ ಪೆಟ್ಟಿಗೆಯ ಕುಸುಬಿ ಎಣ್ಣೆ ಇಳಿಸಿ, ಸೀಮೆಎಣ್ಣೆಯಿಂದ ಎರಡು ಸಲ ಜಾಲಿಸಿದೆ. ಟಾಕಿಯಲ್ಲಿದ್ದದ್ದನ್ನೂ ಡಬ್ಬಿಗೆ ಇಳಿಸಿದೆ. ಅವೆರಡನ್ನೂ ತುಂಬಲು ಹೊಸ ಎಣ್ಣೆ ಬೇಕು. ಗಾಡಿಯ ಅಚ್ಚಿಗೆ ಹಾಕಲು ಮುದುಕ ಬಿದಿರಿನ ಕೊಳವೆಯಲ್ಲಿ ಔಡಲ ಎಣ್ಣೆ ಇಟ್ಟಿದ್ದ. ಸಾಹೇಬರು ಕಿಸೆಯಿಂದ ತಮ್ಮ ದಸ್ತಿ ತೆಗೆದು ಬಿಚ್ಚಿ ಹಿಡಿದರು, ನಾನು ಸೋಸಿದೆ. ಈ ಸಲ ಮೂಸಿ ನೋಡಿದೆ. ಬೆರಳಿಗೆ ಹಚ್ಚಿಯೂ ನೋಡಿದೆ.

ಹರಿದ ಪ್ಯಾಕಿಂಗ್ ಬಾಕಿ. ದಪ್ಪ ಕಾಗದ ಬೇಕಿತ್ತು. ಸಾಹೇಬರ ಚೀಲದಲ್ಲಿ ಅದೇ ಹುಕುಮಿನ ಇನ್ನೊಂದು ಪ್ರತಿ ಇತ್ತು, ಸರ್ಕಾರಿ ಗಟ್ಟಿ ಕಾಗದ. ಅದನ್ನು ಸಿಲಿಂಡರಿನ ಬುಡಕ್ಕಿಟ್ಟು ಕತ್ತರಿಸಿದೆ. ಬರೀ ಕಾಗದ ಸೋರುತ್ತದೆ ಎಂದಾಗ ಮುದುಕ ತನ್ನ ಗಡಿಗೆ ತಂದ.

“ರೋಗಾನ್ ಬಳಿರಿ. ಮೊಟ್ಟಿ ನೀರು ಹಿಡೀತದಂದ್ರ ಇದು ಹಿಡಿಯಂಗಿಲ್ಲೇನು?”

ಎಂಜಿನ್ ನಿಲ್ಲಿಸಿದ ಅಂಟನ್ನೇ ಎರಡೂ ಕಡೆ ಬಳಿದು ಕಾಗದವನ್ನು ಕೂರಿಸಿದೆ. ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಒಂದೊಂದು ಸುತ್ತು ಬಿಗಿದೆ. ಅದು ಬೀದರ್‌ಗೆ ಹೋಗಿ ಬರುವ ತನಕವೂ ಒಂದು ಹನಿ ಸೋರಲಿಲ್ಲ.

ಹನ್ನೊಂದೂ ಮೂವತ್ತೈದಕ್ಕೆ ಮೊದಲ ಒದೆತ. ಮೂರನೆಯದಕ್ಕೆ ಕೆಮ್ಮಿತು. ಆರನೆಯದಕ್ಕೆ ಬಿಳಿ ಹೊಗೆಯ ಮೋಡ ಎಬ್ಬಿಸಿ ಹತ್ತಿಕೊಂಡಿತು. ಮುದುಕನ ಎತ್ತುಗಳು ಬೆದರಿ ಎದ್ದು ನಿಂತವು.

ಮುದುಕ ನನ್ನನ್ನಲ್ಲ, ಸಾಹೇಬರನ್ನು ಕೇಳಿದ: “ಸಾಹೇಬ್ರ, ಆ ಸೂಜಿ ನನ್ನ ಜೋಡಿಗೂ ಹಾಕಿದ್ರ ಹ್ಯಾಂಗ್ರಿ? ಬೇಲಿ ದಾಟಬಹುದಲ್ಲ? ಕಮಲಾಪುರದ ತ್ವಾಟದವ್ರು ಮೊಟ್ಟಿಗಿ ಕಾಯ್ಲಾಕತ್ತಾರ.”

ಅವನ ಎಣ್ಣೆ, ಅವನ ಬೂದಿ, ಅವನ ರೋಗಾನ್. ಬೇರೆಯವರಾದರೆ ಅಲ್ಲೇ ಹಾಕಿಬಿಡುತ್ತಿದ್ದರು. ಸಾಹೇಬರು ಕೆಳಗಿಳಿದು ಅವನ ಎದುರು ನಿಂತರು.

“ಅಲ್ಲಿ ಅರವತ್ತೊಂದು ದನ ಅವ, ಮುತ್ಯಾ. ದವಾ ಅಷ್ಟಕ್ಕೇ ಅಂತ ತಂದದ್ದು. ಮೊದಲು ಅವು. ಉಳೀತಂದ್ರ ನಾಳೆ ಮುಂಜಾನೆ ಇಲ್ಲಿಗೇ ಬರ್ತೀನಿ. ಉಳೀಲಿಲ್ಲಂದ್ರ ಬರಂಗಿಲ್ಲ. ಸುಳ್ಳು ಹೇಳಂಗಿಲ್ಲ.”

“ಆತ್ರಿ” ಎಂದ ಮುದುಕ. “ಫಟಫಟಿ ಸದ್ದು ಕೇಳ್ತಂದ್ರ ಉಳದದ ಅಂತ ತಿಳ್ಕೋತೀನಿ.”

ಎರಡು ರಿಂಗಿನ ಎಂಜಿನ್ ಹೇಗೆ ಓಡುತ್ತದೆಂದರೆ, ಸಮತಟ್ಟಿನಲ್ಲಿ ನಡಿಗೆಗಿಂತ ಜೋರಾಗಿ, ಏರಿನಲ್ಲಿ ನಡಿಗೆಗಿಂತ ನಿಧಾನ. ಎಣ್ಣೆಯನ್ನು ನೀರಿನಂತೆ ಕುಡಿಯುತ್ತದೆ. ಎರಡು ಮೈಲಿಗೊಮ್ಮೆ ಪಂಪು ಒತ್ತಿದೆ. ಮೈಲಿಕಲ್ಲು ಬಂದಾಗಲೆಲ್ಲ ಸಾಹೇಬರು ಗಡಿಯಾರ ನೋಡಿ ಗಟ್ಟಿಯಾಗಿ ನಿಮಿಷ ಹೇಳುತ್ತಿದ್ದರು, ನಾನು ನೆನಪಿಟ್ಟುಕೊಳ್ಳುತ್ತಿದ್ದೆ. ಕಪ್ಪು ಮಣ್ಣು ಮುಗಿದು ಕೆಂಪು ಮಣ್ಣು ತೋರಿದ ಕಡೆ ಏರು ಶುರುವಾಯಿತು. ಅಲ್ಲಿ ಬೆಲ್ಟು ಜಾರತೊಡಗಿತು. ಸಾಹೇಬರು ಇಳಿದು ಹಿಂದಿನಿಂದ ತಳ್ಳಿದರು. ಕೋಟು, ಟೈ ಹಾಕಿದ ಅಧಿಕಾರಿ ಹೊಗೆಯಲ್ಲಿ ಮುಳುಗಿ ತಳ್ಳುವುದನ್ನು ಹೊಲದಲ್ಲಿದ್ದ ಹೆಂಗಸರು ಕೆಲಸ ಬಿಟ್ಟು ನಿಂತು ನೋಡಿದರು. ಏರು ಹತ್ತಿ ನಿಂತಾಗಲೂ ಎಂಜಿನ್ ಆರಿಸಲಿಲ್ಲ. ಆರಿಸಿದರೆ ಮತ್ತೆ ಹತ್ತುವುದೋ ಇಲ್ಲವೋ ಎಂಬ ಭಯ.

ಎರಡೂವರೆಗೆ ಬಾಳೆತೋಟಗಳು ಕಂಡವು. ಎರಡೂ ನಲವತ್ತಕ್ಕೆ ದೊಡ್ಡಿಯ ಬಾಗಿಲು. ಬರ್ಫ ಒಂದು ಹಿಡಿಯಷ್ಟು ಉಳಿದಿತ್ತು, ಬಾಟಲಿಗಳು ಇನ್ನೂ ತಣ್ಣಗಿದ್ದವು.

ಪಟೇಲರು ನಮ್ಮನ್ನು ನೋಡಿ ಮೊದಲು ಹೇಳಿದ್ದು, “ಯಾಕ್ರಿ, ಗಾಣದಾಗ ಬಿದ್ದೆದ್ದು ಬಂದೀರೇನು?” ಎಂದು. ಇಬ್ಬರ ಬಟ್ಟೆಯೂ ಹಾಗಿತ್ತು.

ದನವನ್ನು ಇಬ್ಬರು ಹಿಡಿಯುವುದು, ಕುತ್ತಿಗೆಯ ಪಕ್ಕದ ಸಡಿಲ ಚರ್ಮ ಎತ್ತಿ ಸಾಹೇಬರು ಸೂಜಿ ಹಾಕುವುದು, ನಾನು ಕೊಂಬಿಗೆ ಸುಣ್ಣದ ಗುರುತಿಟ್ಟು ಎಣಿಸುವುದು. ಸೂಜಿಯನ್ನು ಪ್ರತಿ ಸಲ ಕುದಿಯುವ ನೀರಲ್ಲಿ ಅದ್ದಬೇಕು. ಒಂದಕ್ಕೆ ನಾಲ್ಕು ನಿಮಿಷ ಹಿಡಿಯುತ್ತಿತ್ತು. ಹೊತ್ತು ಮುಳುಗಿದಾಗ ನಲವತ್ತೊಂಬತ್ತು ಆಗಿದ್ದವು. ಇನ್ನೂ ಹನ್ನೆರಡು. ಕತ್ತಲಾಯಿತು ಎಂದು ಯಜಮಾನರು ಹಗ್ಗಕ್ಕೆ ಕೈ ಹಾಕಿದರು. ನಮ್ಮ ಕಂದೀಲಿನ ಸೀಮೆಎಣ್ಣೆ ನಾಲಾದ ಬಳಿಯೇ ಮುಗಿದಿತ್ತು.

“ಪಟೇಲ್ರ, ಪಣತಿ ಎಷ್ಟವ ಮನ್ಯಾಗ?” ಎಂದೆ.

ಎಂಟು ಪಣತಿ ಬಂದವು. ಅಜ್ಜಿ ತುಂಬಿಕೊಟ್ಟ ಡಬ್ಬಿಯಿಂದ ಎಂಟಕ್ಕೂ ಕುಸುಬಿ ಎಣ್ಣೆ ಸುರಿದು ದೊಡ್ಡಿಯ ಗೋಡೆಯ ಮೇಲೆ ಸಾಲಾಗಿ ಹಚ್ಚಿದೆ. ಹೊಗೆಯಿಲ್ಲದ, ಅಲುಗದ, ತಿಳಿ ಹಳದಿ ಬೆಳಕು. ಹಗ್ಗಕ್ಕೆ ಕೈ ಹಾಕಿದವರು ಸಾಹೇಬರ ಕೈಯಲ್ಲಿ ಇನ್ನೂ ಸೂಜಿ ಇರುವುದನ್ನು ನೋಡಿ ನಿಂತರು. ಹನ್ನೆರಡೂ ಆದವು. ಆರೂ ಐವತ್ತೈದು.

ಸಾಹೇಬರು ಕೊನೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲುಗಿಸಿದರು. “ಎರಡಕ್ಕೆ ಆಗ್ತದ, ಮಿಸ್ತ್ರಿ. ಬರಾಬರ್ ಎರಡಕ್ಕೆ.” ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಪಟೇಲರ ನೀರಿನ ಹರವಿಯ ಪಕ್ಕ ಇಟ್ಟರು. ಬೆಳಿಗ್ಗೆ ಆರಕ್ಕೆ ಹದಿಮೂರು ಮೈಲಿ ಹಿಂದಕ್ಕೆ ಹೋಗುವುದೆಂದಾಯಿತು.

ನನಗೆ ಎಣ್ಣೆ ಬೇಕಿತ್ತು. ಪಟೇಲರ ಮನೆಯಲ್ಲಿ ಔಡಲ ಎಣ್ಣೆ ಇತ್ತು, ಒಂದು ಗಡಿಗೆ ಪೂರ್ತಿ. ಆದರೆ ಆ ದಿನ ನಾನು ಯಾರ ಮಾತನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ, ನನ್ನ ಮೂಗನ್ನೂ. ಅಡುಗೆಮನೆಯ ಬಾಗಿಲಲ್ಲಿ ನಿಂತು, ರೊಟ್ಟಿ ಮುಗಿದ ಮೇಲೆ ಬಿಸಿ ಹಂಚು ಒಂದು ಗಳಿಗೆ ಬೇಕು ಎಂದೆ.

ಪಟೇಲರ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು. “ನಿಮ್ಮ ಫಟಫಟಿಗೂ ರೊಟ್ಟಿ ಬಡೀಬೇಕೇನ್ರಿ? ಕಟಗ ರೊಟ್ಟಿಯೋ, ಮೆತ್ತನ್ನವೋ?”

“ಎರಡು ಹನಿ ಸಾಕ್ರಿ ಅಕ್ಕಾರ.”

ಹಂಚಿನ ಒಂದು ಬದಿಗೆ ಡಬ್ಬಿಯ ತಳದಲ್ಲಿ ಉಳಿದ ಕುಸುಬಿ ಎಣ್ಣೆ ಒಂದು ಹನಿ, ಇನ್ನೊಂದು ಬದಿಗೆ ಗಡಿಗೆಯದು ಒಂದು ಹನಿ. ಮುನ್ನೂರು ಎಣಿಸಿದೆ. ಅಕ್ಕ, ಅವರ ಸೊಸೆ, ಹಿಂದೆ ಬಂದು ನಿಂತ ಸಾಹೇಬರು, ಎಲ್ಲರೂ ಹಂಚಿನ ಮೇಲೆ ಬಗ್ಗಿದ್ದರು. ಭಜಿಯ ವಾಸನೆ ಬಂತು. ಕುಸುಬಿಯ ಹನಿ ಸುಕ್ಕುಗಟ್ಟಿ ಕಂದಾಯಿತು, ಕಡ್ಡಿಯಿಂದ ಮುಟ್ಟಿದರೆ ಎಳೆ ಬಂತು. ಇನ್ನೊಂದು ಹನಿ ತೆಳ್ಳಗೆ ಹರಡಿ ಒದ್ದೆಯಾಗಿಯೇ ಉಳಿಯಿತು.

“ಇಷ್ಟು ವರ್ಷ ಹಂಚು ತಿಕ್ಕೀನಿ, ಇದನ್ನ ನೋಡೇ ಇಲ್ಲ ನೋಡ್ರಿ” ಎಂದರು ಅಕ್ಕ. ಇನ್ನೊಂದು ಹನಿ ತಾವೇ ಹಾಕಿ ಮತ್ತೆ ನೋಡಿದರು.

ಡಬ್ಬಿಯನ್ನು ಬಿಸಿ ಬೂದಿ ನೀರಲ್ಲಿ ಮೂರು ಸಲ ತೊಳೆದೆ. ಒಲೆಯ ಪಕ್ಕ ಮಗುಚಿಟ್ಟು ಒಣಗಿಸಿದೆ. ಪುಸ್ತಕ ತೆಗೆದು ಹನ್ನೊಂದನೆಯ ಸಾಲನ್ನು ಹೊಡೆದುಹಾಕಿ, ‘ಡಬ್ಬಿಯಲ್ಲಿ ಇರುವುದು ಯಾವ ಎಣ್ಣೆ’ ಎಂದು ಬರೆದೆ. ಔಡಲ ಎಣ್ಣೆ ಸೋಸಿ ಕಂಠದ ತನಕ ತುಂಬಿದೆ, ಮುಚ್ಚಳ ತಿರುವಿದೆ, ಗುರುತು ಹಾಕಿದೆ. ಏಳೂ ಐವತ್ತು.